ನೆತ್ತಿಯ ಮೇಲೊಂದು ಹೀಟರ್

ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಸ್ವಂತ ಮನೆ ಕಟ್ಟಿಸುವವರು ನೆಲ ಹಾಕುವ ಮುಂಚೆ ಭಾರೀ ಲೆಕ್ಕ ಹಾಕುತ್ತಾರೆ. ನೆಲದಡಿ ಬಿಸಿನೀರಿನ ಕೊಳವೆ ಸುತ್ತಿಸಬೇಕು. ಅದರ ಶಾಖ ಮಣ್ಣುಪಾಲಾಗದಂತೆ ಕೆಳಗೆ ಶಾಖನಿರೋಧಕ ಹಲಗೆ ಹಾಸಬೇಕು. ಮೇಲ್ಮೈ ಎಷ್ಟು ಬಿಸಿಯೇರಬಹುದು ಎಂಬುದಕ್ಕೂ ಮಿತಿಯುಂಟು: ಯುರೋಪಿನ ಇಎನ್ 1264 ಮಾನಕದ ಪ್ರಕಾರ ಜನ ಓಡಾಡುವ ಜಾಗದಲ್ಲಿ ನೆಲ 29 ಡಿಗ್ರಿ ಸೆಲ್ಸಿಯಸ್ ಮೀರುವಂತಿಲ್ಲ. ಕೋಣೆ 20 ಡಿಗ್ರಿ ಇದ್ದಾಗ ಅಂಥ ನೆಲ ಚದರ ಮೀಟರಿಗೆ ಸುಮಾರು 100 ವ್ಯಾಟ್ ಶಾಖ ಕೊಡುತ್ತದೆ. ಹಿಮ ಬೀಳುವ ಊರಲ್ಲಿ ಮನೆ ಬೆಚ್ಚಗಿಡಲು ಅಷ್ಟು ಸಾಕು.

ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಈಗ ಏಳುತ್ತಿರುವ ಮನೆಗಳಿಗೂ ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಹೀಟರ್ ಕೂಡಿಸಲಾಗುತ್ತಿದೆ. ಅದು ಉರಿಯುವುದು ಬೇಸಿಗೆಯಲ್ಲಿ, ನೆತ್ತಿಯ ಮೇಲೆ. ಅದಕ್ಕೆ ಸ್ವಿಚ್ಚಿಲ್ಲ.

ಲೆಕ್ಕ ಕಠಿಣವಲ್ಲ. ಐದು ಇಂಚಿನ ಆರ್‌ಸಿಸಿ ತಾರಸಿ ತೆಗೆದುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ಮುಟ್ಟುತ್ತದೆ. ಸಂಡಿಗೆ ಒಣಹಾಕಲು ಬರಿಗಾಲಲ್ಲಿ ಹತ್ತಿದವರಿಗೆ ಇದು ಗೊತ್ತು. ಕೆಳಗಿನ ಕೋಣೆ 32 ಡಿಗ್ರಿ ಇದೆ ಎನ್ನೋಣ. ಕಾಂಕ್ರೀಟು, ಒಳಗಿನ ಗಾರೆ, ಛಾವಣಿಗೆ ಅಂಟಿಕೊಂಡ ತೆಳು ಗಾಳಿಯ ಪದರ ಮೂರೂ ಸೇರಿ ಒಡ್ಡುವ ತಡೆಯನ್ನು ಕಳೆದರೂ ಈ 28 ಡಿಗ್ರಿಯ ಅಂತರ ಚದರ ಮೀಟರಿಗೆ ಸುಮಾರು 100 ವ್ಯಾಟ್ ಶಾಖವನ್ನು ಒಳಕ್ಕೆ ನೂಕುತ್ತದೆ. ಹತ್ತು ಅಡಿಗೆ ಹತ್ತು ಅಡಿಯ ಕೋಣೆಗೆ ಹತ್ತಿರ ಹತ್ತಿರ 1000 ವ್ಯಾಟ್. ಕಾದ ಇಸ್ತ್ರಿ ಪೆಟ್ಟಿಗೆಯನ್ನು ಛಾವಣಿಗೆ ನೇತುಹಾಕಿ ಆರಿಸುವುದನ್ನು ಮರೆತ ಹಾಗೆ.

ಕಾಂಕ್ರೀಟು ಶಾಖವನ್ನು ನುಂಗಿ ನಿಧಾನವಾಗಿ ಬಿಡುವುದರಿಂದ ಈ ಗರಿಷ್ಠ ಅಂಕಿ ನಿಜವಾದ ಮನೆಯಲ್ಲಿ ಒಂದಿಷ್ಟು ತಗ್ಗುತ್ತದೆ. ತೊಂದರೆ ಇರುವುದೂ ಆ ನಿಧಾನದಲ್ಲೇ. ಐದು ಇಂಚು ದಾಟಲು ಶಾಖದ ಅಲೆಗೆ ಮೂರೂವರೆ ತಾಸು ಹಿಡಿಯುತ್ತದೆ. ನಡುಮಧ್ಯಾಹ್ನದ ಬಿಸಿಲು ಒಳಮೈಗೆ ಬಂದು ತಲುಪುವುದು ಸಂಜೆಗೆ. ಹೊತ್ತು ಮುಳುಗಿ ಬೀದಿಯಲ್ಲಿ ಗಾಳಿ ಆಡತೊಡಗಿದರೂ ಛಾವಣಿ ಮಲಗುವ ಹೊತ್ತಿನವರೆಗೆ ಕಾರುತ್ತಲೇ ಇರುತ್ತದೆ. ಫ್ಯಾನು ಅದರಡಿ ಕಾದು ನಿಂತ ಗಾಳಿಯನ್ನೇ ಮಂಚಕ್ಕೆ ಇಳಿಸುತ್ತದೆ. ಸುತ್ತಲಿನ ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ತಣಿಸದು, ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಗೋಡೆಯ ಥರ್ಮಾಮೀಟರ್ ತೋರಿಸುವುದು ಗಾಳಿಯ ಬಿಸಿಯನ್ನು ಮಾತ್ರ. ಮೈಗೆ ತಟ್ಟುವ ಶಾಖದಲ್ಲಿ ದೊಡ್ಡ ಪಾಲು ಸುತ್ತಲ ಮೇಲ್ಮೈಗಳಿಂದ ನೇರವಾಗಿ ಬರುವ ವಿಕಿರಣದ್ದು. ಅದರಲ್ಲೂ ಮನುಷ್ಯನಿಗೆ ತೀರ ಅಸಹನೀಯವಾದದ್ದು ಮೇಲಿನಿಂದ ಬೀಳುವ ಬಿಸಿ. ಬೆಚ್ಚಗಿನ ಗೋಡೆಯನ್ನು ಹೇಗೋ ತಾಳಿಕೊಳ್ಳುತ್ತೇವೆ; ಬೆಚ್ಚಗಿನ ಛಾವಣಿ ಕೆಲವೇ ಡಿಗ್ರಿಯಲ್ಲಿ ಹಿಂಸೆ ಅನ್ನಿಸುತ್ತದೆ. ಅದಕ್ಕೇ ಐಎಸ್‌ಒ 7730 ಮಾನಕ ಮೇಲಿನ ಮತ್ತು ಕೆಳಗಿನ ವಿಕಿರಣದ ಅಂತರವನ್ನು 5 ಡಿಗ್ರಿಯ ಒಳಗಿಡಲು ಹೇಳುತ್ತದೆ.

ಇದು ಬರೀ ಸೆಕೆಯ ವಿಚಾರವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2003ರ ಆಗಸ್ಟಿನಲ್ಲಿ ಫ್ರಾನ್ಸ್ ಬಿಸಿಗಾಳಿಗೆ ಸಿಕ್ಕು ಸುಮಾರು 15,000 ಮಂದಿಯನ್ನು ಕಳೆದುಕೊಂಡಿತು. ಆಮೇಲೆ ಅಲ್ಲಿನ ಸಂಶೋಧಕರು ತಮ್ಮ ಮನೆಗಳಲ್ಲೇ ತೀರಿಹೋದ ವೃದ್ಧರನ್ನೂ ಅದೇ ಬಿಸಿಯಲ್ಲಿ ಬದುಕುಳಿದ ವೃದ್ಧರನ್ನೂ ಹೋಲಿಸಿ ನೋಡಿದರು. ಹಾಸಿಗೆ ಹಿಡಿದವರು, ಹೃದ್ರೋಗಿಗಳು ಹೆಚ್ಚು ಸತ್ತಿದ್ದರು, ಅದು ನಿರೀಕ್ಷಿತವೇ. ಅದರ ಜೊತೆಗೆ ಮನೆಯದೇ ಎರಡು ಕಾರಣಗಳು ಎದ್ದು ಕಂಡವು: ಶಾಖನಿರೋಧಕ ಇಲ್ಲದಿರುವುದು ಮತ್ತು ಮಲಗುವ ಕೋಣೆ ನೇರ ಛಾವಣಿಯ ಕೆಳಗಿರುವುದು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಎಂದಿಗಿಂತ 1,344 ಸಾವು ಹೆಚ್ಚಾದವು. ಆ ಪೆಟ್ಟಿನಿಂದಲೇ ಆ ನಗರ 2013ರಲ್ಲಿ ಬಿಸಿಗಾಳಿ ಕ್ರಿಯಾಯೋಜನೆ ರೂಪಿಸಿತು. ಛಾವಣಿಗೆ ಬಿಳಿ ಬಳಿಯುವ ಕೆಲಸವೂ ಮುಂದೆ ಅದಕ್ಕೆ ಸೇರಿಕೊಂಡಿತು.

ರಾತ್ರಿ ಮುಖ್ಯ. ನಿದ್ದೆ ಬರಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಹಗಲೆಲ್ಲ ಚರ್ಮಕ್ಕೆ ರಕ್ತ ನೂಕಿ ದಣಿದ ಹೃದಯಕ್ಕೆ ಬಿಡುವು ಸಿಗುವುದೂ ಆಗಲೇ. ಆ ಬಿಡುವನ್ನು ಛಾವಣಿ ಕಿತ್ತುಕೊಂಡರೆ ಎರಡನೆಯ ಹಗಲು ಮೊದಲನೆಯದಕ್ಕಿಂತ ಅಪಾಯಕಾರಿ, ಮೂರನೆಯದು ಇನ್ನೂ ಹೆಚ್ಚು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಅಜ್ಜ–ಅಜ್ಜಿಯರಿಗೆ, ಹಸುಗೂಸುಗಳಿಗೆ ಈ ಸರಣಿ ಬೇಗ ಮುಳುವಾಗುತ್ತದೆ. ಹಿಂದೆ ಇಂಥ ದಿನಗಳಲ್ಲಿ ಹಾಸಿಗೆ ಹೊತ್ತು ಮಾಳಿಗೆ ಹತ್ತುತ್ತಿದ್ದರು. ಈಗ ಸೊಳ್ಳೆ, ಕಳ್ಳರ ಭಯ, ಪಕ್ಕದ ಮನೆಯ ಕಿಟಕಿ. ಎಲ್ಲರೂ ಒಳಗೇ ಬಾಗಿಲು ಹಾಕಿಕೊಂಡು ಮಲಗುತ್ತಾರೆ.

ಮುಂದೆ ಬಿಸಿ ಇಳಿಯುವ ಲಕ್ಷಣವಿಲ್ಲ. ದಕ್ಷಿಣ ಏಷ್ಯಾದಲ್ಲಿ ಬಿಸಿಗಾಳಿ ಈ ಶತಮಾನದಲ್ಲಿ ಇನ್ನೂ ತೀವ್ರವಾಗಿ, ಇನ್ನೂ ಪದೇಪದೇ ಬರುತ್ತದೆ ಎಂದು ಐಪಿಸಿಸಿಯ ಆರನೆಯ ವರದಿ ಹೇಳಿದೆ. 2022ರ ಮಾರ್ಚ್, ದೇಶದ 1901ರಿಂದೀಚಿನ ದಾಖಲೆಯಲ್ಲೇ ಅತಿ ಬಿಸಿಯಾದ ಮಾರ್ಚ್ ಆಗಿತ್ತು. ಆ ಬೇಸಿಗೆಯ ಬಿಸಿಗಾಳಿಯ ಸಂಭವವನ್ನು ಮನುಷ್ಯನಿಂದಾದ ಹವಾಮಾನ ಬದಲಾವಣೆ ಸುಮಾರು 30 ಪಟ್ಟು ಹೆಚ್ಚಿಸಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಬೆಂಗಳೂರಿನವರು ‘ನಮಗೇನು’ ಎನ್ನುವಂತಿಲ್ಲ: 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಗಿದೆ. ಇವತ್ತು ಹಾಕುವ ತಾರಸಿ ಐವತ್ತು ವರ್ಷ ಬಾಳುತ್ತದೆ. 2070ರ ಬೇಸಿಗೆಯಲ್ಲಿ ಯಾರೋ ಒಬ್ಬರು ಅದರ ಕೆಳಗೆ ಮಲಗಬೇಕು.

ಏಸಿ ಹಾಕಿಸಿಕೊಂಡರಾಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ. ದೇಶದ ತಂಪಿನ ಬೇಡಿಕೆ 2017–18ರಿಂದ 2037–38ರೊಳಗೆ ಎಂಟು ಪಟ್ಟಾಗಬಹುದೆಂದು ಕೇಂದ್ರ ಸರಕಾರವೇ 2019ರಲ್ಲಿ ಅಂದಾಜಿಸಿದೆ. ಬರಿ ತಾರಸಿಯ ಕೆಳಗಿನ ಏಸಿ ತನ್ನ ದುಡಿಮೆಯ ದೊಡ್ಡ ಭಾಗವನ್ನು ಛಾವಣಿಯ ಜೊತೆ ಗುದ್ದಾಡುವುದರಲ್ಲೇ ಕಳೆಯುತ್ತದೆ. ಒಳಗಿಂದ ಎತ್ತಿದ ಶಾಖವನ್ನು ಅದು ಬೀದಿಗೆ ಸುರಿಯುತ್ತದೆ. ಏಸಿ ಇಲ್ಲದ ಎದುರುಮನೆಯ ಕಿಟಕಿಗೆ ಬಡಿಯುವುದು ಆ ಗಾಳಿಯೇ. ಮತ್ತೆ ಬೇಸಿಗೆಯ ರಾತ್ರಿ ಕರೆಂಟು ಹೋಯಿತೆನ್ನಿ, ಮಾಡುವುದೇನು?

ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ, ಜಂತಿಯ ಮೇಲೆ ದಪ್ಪಗೆ ಮಣ್ಣು ಹೇರುತ್ತಿದ್ದರು. ಅಷ್ಟು ಮಣ್ಣನ್ನು ದಾಟುವಷ್ಟರಲ್ಲಿ ಹಗಲಿನ ಶಾಖದ ಅಲೆ ಸೊರಗಿಹೋಗುತ್ತಿತ್ತು. ಹಾಗೆಂದು ಎಲ್ಲರೂ ಅದಕ್ಕೆ ಮರಳಲಿ ಎನ್ನಲಾರೆ. ಅದು ಸೋರುತ್ತಿತ್ತು, ಮಳೆಗಾಲದ ಮುಂಚೆ ಮತ್ತೆ ಮಣ್ಣು ಬಡಿಯಬೇಕಿತ್ತು, ಚೇಳು ಬೀಳುತ್ತಿತ್ತು. ಆರ್‌ಸಿಸಿ ಬಂದದ್ದು ಒಳ್ಳೆಯದೇ. 2001ರಲ್ಲಿ ದೇಶದ ಐದರಲ್ಲಿ ಒಂದು ಮನೆಗೆ ಕಾಂಕ್ರೀಟ್ ಛಾವಣಿಯಿತ್ತು, 2011ರ ಹೊತ್ತಿಗೆ ಅದು ಶೇ 29ಕ್ಕೇರಿತು. ಕೆಟ್ಟದ್ದಾದದ್ದು ಬೇರೆ. ಮೊದಮೊದಲು ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಬೆರೆಸಿ ನಾಲ್ಕಿಂಚು ಬಡಿಯುತ್ತಿದ್ದರು. ದುಡ್ಡು, ಸಮಯ ಉಳಿಸುವ ಭರದಲ್ಲಿ ಆ ಪದರವನ್ನೂ ಕೈಬಿಟ್ಟೆವು.

ಕಾನೂನು ಕಾಯುತ್ತದೆಯೇ? ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆಯಲ್ಲಿ ಛಾವಣಿಗೆ ಮಿತಿ ಹಾಕಲಾಗಿದೆ: ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದರೆ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರಿ ಆರ್‌ಸಿಸಿ ತಾರಸಿಯಲ್ಲಿ ಇದು 3ಕ್ಕೂ ಮೇಲೆ. 2018ರ ಆ ಸಂಹಿತೆ ಅನ್ವಯಿಸಿದ್ದು ಮಾತ್ರ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. ನಮ್ಮ 30–40 ಸೈಟು 112 ಚದರ ಮೀಟರ್ ಕೂಡ ಇಲ್ಲ. 60–80 ಸೈಟೂ ಈ ಲೆಕ್ಕಕ್ಕೆ ಬರಲಿಲ್ಲ. ಸಾಲ ಮಾಡಿ, ಮೇಸ್ತ್ರಿ ಹಿಡಿದು ತಾವೇ ಮನೆ ಕಟ್ಟಿಸುವ ಹೆಚ್ಚಿನವರು ಈ ನಿಯಮದ ಹೊರಗೇ ಉಳಿದರು.

ಹಾಗಾಗಿ ಲೆಕ್ಕ ಮನೆ ಕಟ್ಟಿಸುವವರೇ ಹಾಕಬೇಕು. ಎಕ್ಸ್‌ಪಿಎಸ್ ಎಂಬ ಶಾಖನಿರೋಧಕ ಹಲಗೆಯನ್ನು ಎರಡು ಇಂಚು ದಪ್ಪ ಹಾಸಿದರೆ ಆ 3ರ ಅಂಕಿ 0.5ರ ಆಸುಪಾಸಿಗೆ ಬರುತ್ತದೆ; ಮೇಲೆ ಹೇಳಿದ 1000 ವ್ಯಾಟು 150ಕ್ಕೆ ಇಳಿಯುತ್ತದೆ. ಸುಣ್ಣ–ಇಟ್ಟಿಗೆ ಜಲ್ಲಿಯ ನಾಲ್ಕಿಂಚು ಪದರ ಒಂದರಿಂದಲೇ 1.2ರ ಮಿತಿ ಸಿಗದು, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಬಿಳಿ ಬಳಿದರೆ ಬಿಸಿಲಿನ ಬಹುಪಾಲು ಬಂದ ದಾರಿಯಲ್ಲೇ ವಾಪಸಾಗುತ್ತದೆ. ಧೂಳು ಕೂತಂತೆ ಆ ಗುಣ ಕುಂದುವುದರಿಂದ ವರ್ಷ ವರ್ಷ ಬೇಸಿಗೆಗೆ ಮುಂಚೆ ಮತ್ತೆ ಬಳಿಯಬೇಕು. ಈಗಾಗಲೇ ಕಟ್ಟಿದ ಮನೆಗೆ ಇದೇ ಅಗ್ಗದ ದಾರಿ.

ಛಾವಣಿಯ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸಿ ತಂಪಾಯಿತು ಎಂದುಕೊಳ್ಳುವವರಿದ್ದಾರೆ. ಒಂದಷ್ಟು ಸೆಕೆ ತಗ್ಗೀತು. ತಾರಸಿಯಂತೂ ಹಾಗೇ ಕಾಯುತ್ತದೆ. ಹತ್ತು ಮೀಟರ್ ಉದ್ದದ ಕಾಂಕ್ರೀಟು 40 ಡಿಗ್ರಿ ಏರಿದರೆ 4 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಗೋಡೆಯೂ ತಾರಸಿಯೂ ಕೂಡುವಲ್ಲಿ ಓಡುವ ಆ ಅಡ್ಡಬಿರುಕು, ಮಳೆಗಾಲದ ಸೋರಿಕೆ ಹಲವು ಸಲ ಹೀಗೇ ಹುಟ್ಟುತ್ತವೆ. ಶಾಖನಿರೋಧಕ ಹಲಗೆ ಮೇಲ್ಗಡೆ ಕೂತರೆ ತಾರಸಿಯೇ ನೆರಳಲ್ಲಿರುತ್ತದೆ.

ಇನ್ನೊಂದು ನೆಪ ಊರೂರಲ್ಲಿ ಕಣ್ಣಿಗೆ ಬೀಳುತ್ತದೆ. ಮುಂದೆ ಮಹಡಿ ಎಬ್ಬಿಸುತ್ತೇವೆಂದು ಪಿಲ್ಲರಿನ ಸರಳುಗಳನ್ನು ಆಕಾಶಕ್ಕೆ ಬಿಟ್ಟು, ತಾರಸಿಗೆ ಖರ್ಚು ಯಾಕೆ ಎಂದು ಕೈಚೆಲ್ಲುತ್ತಾರೆ. ಸರಳು ತುಕ್ಕು ಹಿಡಿಯುತ್ತಾ ಹತ್ತು ವರ್ಷ ನಿಂತಿರುತ್ತದೆ. ಕೊನೆಗೆ ಮಹಡಿ ಎದ್ದರೆ ಮಾಲೀಕರು ತಂಪಾದ ಕೆಳಮನೆಯಲ್ಲಿ ಉಳಿಯುತ್ತಾರೆ, ಹೊಸ ಬರಿ ತಾರಸಿಯ ಕೆಳಗೆ ಬಾಡಿಗೆಯವರು ಸೇರುತ್ತಾರೆ. ಖರ್ಚು ಉಳಿಸಿದವರು ಒಬ್ಬರು, ಬೇಯುವವರು ಇನ್ನೊಬ್ಬರು. ಇದಕ್ಕಂತೂ ನನ್ನಲ್ಲಿ ಸಹಾನುಭೂತಿಯಿಲ್ಲ.

ಕೆಲಸದ ಕ್ರಮ ಹೀಗೆ: ತಾರಸಿಯ ಮೇಲೆ ಇಳಿಜಾರು, ವಾಟರ್‌ಪ್ರೂಫಿಂಗ್, ಅದರ ಮೇಲೆ ಎಕ್ಸ್‌ಪಿಎಸ್ ಹಲಗೆ, ಜಾಲರಿ ಹಾಕಿದ ಎರಡಿಂಚು ಕಾಂಕ್ರೀಟು, ಕೊನೆಗೆ ಬಿಳಿ ಟೈಲ್ಸು. ನೀರು ಕುಡಿಯುವ ಮಾಮೂಲಿ ಥರ್ಮಾಕೋಲು ಇಲ್ಲಿ ಬೇಡ. ಇವೆಲ್ಲ ಸೇರಿ ತಾರಸಿ ಆರಿಂಚಿನಷ್ಟು ಎತ್ತರವಾಗುತ್ತದೆ. ಮೆಟ್ಟಿಲುಕೋಣೆಯ ಬಾಗಿಲಿನ ಹೊಸ್ತಿಲು, ಪ್ಯಾರಾಪೆಟ್ಟಿನ ಎತ್ತರ, ಮಳೆನೀರಿನ ಪೈಪಿನ ಬಾಯಿ ಮೂರನ್ನೂ ಆ ಆರಿಂಚು ಲೆಕ್ಕ ಹಿಡಿದೇ ನಕ್ಷೆಯಲ್ಲಿ ಗುರುತು ಮಾಡಿಸಬೇಕು. ಮನೆ ಮುಗಿದ ಮೇಲೆ ಹಲಗೆ ಹಾಸಲು ಹೊರಟರೆ ತಾರಸಿ ಹೊಸ್ತಿಲಿಗಿಂತ ಮೇಲಾಗಿ, ಮೊದಲ ಮಳೆಯ ನೀರು ಮೆಟ್ಟಿಲಿಳಿದು ಮನೆಯೊಳಗೆ ಬರುತ್ತದೆ.