ದವಡೆಯೊಳಗಿನ ಗುಟ್ಟು ಬಯಲಾಗುವ ಬಗೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಊಟಕ್ಕೂ ಮಾತಿಗೂ ಬೇಕಾದ ಅಂಗ ದವಡೆ. ಅಂಥ ದವಡೆಯೊಳಗೆ ಸೇರಬಾರದ ವಸ್ತುವೊಂದು ಸೇರಿಕೊಂಡರೆ ವೈದ್ಯರು ಅದನ್ನು ಹೇಗೆ ಪತ್ತೆ ಮಾಡುತ್ತಾರೆ ಎಂಬುದನ್ನು ಇಲ್ಲಿ ತಿಳಿಯೋಣ.

ಇಂಥ ವಸ್ತುಗಳು ಒಳಗೆ ಸೇರುವುದು ಹೇಗೆ? ಬಿದ್ದು ಪೆಟ್ಟಾದಾಗ ಗಾಜಿನ ಚೂರೋ ಕಲ್ಲಿನ ಹರಳೋ ಒಳಗೆ ಉಳಿಯಬಹುದು. ಹಲ್ಲಿನ ಬೇರಿನ ಚಿಕಿತ್ಸೆಗೆ ಬಳಸುವ ಸಣ್ಣ ಲೋಹದ ಸಲಕರಣೆಯ ತುದಿ ಮುರಿದು ಅಲ್ಲಿಯೇ ನಿಲ್ಲಬಹುದು. ಹುಳುಕು ಹಲ್ಲಿನ ತೂತಿಗೆ ಮಕ್ಕಳು ಗುಂಡುಸೂಜಿಯನ್ನೋ ಪೆನ್ಸಿಲಿನ ಮೊನೆಯನ್ನೋ ಚುಚ್ಚಿ, ಅದು ಮುರಿದು ಒಳಗೇ ಉಳಿದ ಪ್ರಸಂಗಗಳೂ ಉಂಟು.

1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. 1896ರಲ್ಲಿ ಅದೇ ದೇಶದ ದಂತವೈದ್ಯ ವಾಲ್ಕಾಫ್ ಹಲ್ಲಿನ ಚಿತ್ರ ತೆಗೆದರು. ಅದಕ್ಕೆ ಹಿಡಿದ ಸಮಯ 25 ನಿಮಿಷ! ಆದರೆ ಕ್ಷ-ಕಿರಣ ಚಿತ್ರವೆಂದರೆ ಒಂದು ನೆರಳು. ರಾತ್ರಿ ದೀಪದ ಮುಂದೆ ಒಂದು ನಾಣ್ಯವನ್ನೂ ಅದರ ಹಿಂದೆ ಒಂದು ಗುಂಡಿಯನ್ನೂ ಹಿಡಿದು ಗೋಡೆಯನ್ನು ನೋಡಿರಿ. ಎರಡರ ನೆರಳೂ ಒಂದಾಗಿ, ಯಾವುದು ಮುಂದೆ, ಯಾವುದು ಹಿಂದೆ ಎಂಬುದು ತಿಳಿಯದು. ದವಡೆಯ ಚಿತ್ರದಲ್ಲಿಯೂ ಇದೇ ತೊಡಕು.

ಇದಕ್ಕೆ ಪರಿಹಾರ ಅನೇಕ ದಿಕ್ಕುಗಳಿಂದ ನೋಡುವುದು. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಲಾಯಿತು. 1990ರ ದಶಕದ ಕೊನೆಗೆ ಇಟಲಿ ಮತ್ತು ಜಪಾನ್ ದೇಶಗಳಲ್ಲಿ ಹಲ್ಲು ದವಡೆಗಳಿಗೆಂದೇ ಬೇರೆ ಯಂತ್ರಗಳು ರೂಪುಗೊಂಡವು. ಇವು ತಲೆಯ ಸುತ್ತ ಒಂದು ಸುತ್ತು ಬರುತ್ತ, ಅರ್ಧ ನಿಮಿಷದ ಆಸುಪಾಸಿನಲ್ಲಿ ನೂರಾರು ನೆರಳುಚಿತ್ರಗಳನ್ನು ತೆಗೆಯುತ್ತವೆ. ಕಂಪ್ಯೂಟರಿನ ಸಾಫ್ಟ್‌ವೇರ್ ಆ ನೆರಳುಗಳನ್ನೆಲ್ಲ ಲೆಕ್ಕ ಹಾಕಿ, ಗೋಡೆಯನ್ನು ಇಟ್ಟಿಗೆಗಳಿಂದ ಕಟ್ಟುವಂತೆ, ಸಾಸಿವೆಗಿಂತ ಚಿಕ್ಕದಾದ ಘನಗಳಿಂದ ದವಡೆಯ ರೂಪವನ್ನು ಕಟ್ಟುತ್ತದೆ. ಕಿರಣವನ್ನು ಹೆಚ್ಚು ತಡೆಯುವ ಲೋಹ ಬೆಳ್ಳಗೆ ಹೊಳೆಯುತ್ತದೆ. ಮೂಳೆ ಅದಕ್ಕಿಂತ ಮಂದ. ಮಾಂಸ ಇನ್ನೂ ಮಂದ. ವೈದ್ಯರು ಆ ರೂಪವನ್ನು ಪರದೆಯ ಮೇಲೆ ಅಡ್ಡಲಾಗಿ, ಉದ್ದಲಾಗಿ ಸೀಳಿ ನೋಡಬಲ್ಲರು. ಕೆಳದವಡೆಯಲ್ಲಿ ಹಾಯುವ ನರಕ್ಕೂ ಆ ವಸ್ತುವಿಗೂ ಎಷ್ಟು ಮಿಲಿಮೀಟರ್ ಅಂತರವಿದೆ ಎಂದು ಅಳೆಯಬಲ್ಲರು. ಆ ನರಕ್ಕೆ ಗಾಯವಾದರೆ ತುಟಿ, ಗಲ್ಲಗಳು ಮರಗಟ್ಟುವುದರಿಂದ ಈ ಅಳತೆ ಬಹು ಮುಖ್ಯ.

ಆದರೂ ಯಂತ್ರ ಸರ್ವಜ್ಞವಲ್ಲ. ಲೋಹದ ಸುತ್ತ ಗೆರೆಗೆರೆಯಾಗಿ ಚಿತ್ರ ಕೆಡುತ್ತದೆ. ಮರದ ಸಿಬಿರು, ಮುಳ್ಳು ಮುಂತಾದವು ಹಲವು ವೇಳೆ ಕಾಣುವುದೇ ಇಲ್ಲ. ಹಲ್ಲಿನ ಸಾಮಾನ್ಯ ಚಿತ್ರಕ್ಕಿಂತ ಇದರಲ್ಲಿ ವಿಕಿರಣವೂ ಹೆಚ್ಚು. ಆದ್ದರಿಂದ, ವಿಶೇಷವಾಗಿ ಮಕ್ಕಳಿಗೆ, ಅಗತ್ಯವಿದ್ದರೆ ಮಾತ್ರ ಇದನ್ನು ಬಳಸುತ್ತಾರೆ.

ವಿದ್ಯಾರ್ಥಿಗಳೇ, ಯಂತ್ರ ಹೇಳಲಾರದ್ದನ್ನು ನೀವು ಹೇಳಬಲ್ಲಿರಿ. ಹಲ್ಲಿಗೆ ಏನನ್ನೂ ಚುಚ್ಚಬೇಡಿರಿ. ಚುಚ್ಚಿ ಮುರಿದಿದ್ದರೆ ಬೈಗುಳಕ್ಕೆ ಅಂಜಿ ಮುಚ್ಚಿಡಬೇಡಿರಿ. ತಂದೆತಾಯಿಗಳಲ್ಲಿ ನಮ್ಮ ವಿನಂತಿಯೂ ಒಂದಿದೆ: ಮಗು ನಿಜ ಹೇಳಿದಾಗ ಗದರಿಸದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ‘ಇಂಥದು ಒಳಗೆ ಹೋಗಿದೆ’ ಎಂಬ ಒಂದು ಮಾತು ತಿಳಿದರೆ ವೈದ್ಯರಿಗೆ ಹುಡುಕುವ ದಾರಿ ಅರ್ಧ ಸವೆದಂತೆ.