ಬಾಸ್ತಿಯಾದ ಕಾಲ್ಚೆಂಡು ತಂಡ: ಸಾವು, ಮರುಹುಟ್ಟು, ಒಡೆತನ

ಕಾಲ್ಚೆಂಡಿನ ತಂಡವೊಂದು ಸಾಯುತ್ತದೆಯೆ? ಆಟಗಾರರು ಹೋಗುತ್ತಾರೆ, ಹೊಸಬರು ಬರುತ್ತಾರೆ. ತರಬೇತುದಾರನಂತೂ ನಾಲ್ಕು ಸೋಲಾದರೆ ಗಂಟುಮೂಟೆ ಕಟ್ಟಬೇಕು. ಅಧ್ಯಕ್ಷರು ಬದಲಾಗುತ್ತಾರೆ, ಮೈದಾನದ ಹುಲ್ಲು ಕೂಡ ಬದಲಾಗುತ್ತದೆ. ಆದರೂ ಇದು ನಮ್ಮಜ್ಜ ನೋಡಿದ ತಂಡವೇ ಎಂದು ಊರಿನವರು ನಂಬುತ್ತಾರೆ. ಹಾಗಾದರೆ ಆ ತಂಡವೆಂಬುದು ಇರುವುದೆಲ್ಲಿ? ವೇದಾಂತಿಗಳಿಗೆ ಒಪ್ಪುವ ಪ್ರಶ್ನೆಯಿದು. ಆದರೆ 2017ರಲ್ಲಿ ಕಾರ್ಸಿಕಾ ದ್ವೀಪದ ಜನರು ಇದಕ್ಕೆ ಸಾಲದ ಲೆಕ್ಕಪತ್ರಗಳ ನಡುವೆ ಕುಳಿತು ಉತ್ತರ ಹುಡುಕಬೇಕಾಗಿ ಬಂತು.

ನಾನು ಆಟದ ಪಂಡಿತನಲ್ಲ. ಈ ತಂಡದ ಪರಿಚಯ ನನಗಾದದ್ದು ಒಂದು ಚಲನಚಿತ್ರದಿಂದ. ಹಾಸ್ಯಕ್ಕೆ ಹೆಸರಾದ ಫ್ರೆಂಚ್ ನಿರ್ದೇಶಕ ಜಾಕ್ ತಾತಿ 1978ರ ಏಪ್ರಿಲ್‌ನಲ್ಲಿ ಕಾರ್ಸಿಕಾದ ಬಾಸ್ತಿಯಾ ಪಟ್ಟಣಕ್ಕೆ ಹೋಗಿ, ಅಲ್ಲಿಯ ತಂಡ ಯೂರೋಪಿನ ದೊಡ್ಡ ಪಂದ್ಯವೊಂದಕ್ಕೆ ಸಿದ್ಧವಾಗುತ್ತಿದ್ದುದನ್ನು ಚಿತ್ರಿಸಿಕೊಂಡ. ಆ ಸುರುಳಿಗಳು ಹಾಗೇ ಉಳಿದವು. ತಾತಿ 1982ರಲ್ಲಿ ತೀರಿಕೊಂಡ. ಅವನ ಮಗಳು ಸೋಫಿ ಬಹುಕಾಲದ ಮೇಲೆ ಅವನ್ನು ಜೋಡಿಸಿದಳು. 'ಫೋರ್ಜಾ ಬಾಸ್ತಿಯಾ' ಎಂಬ ಆ ಕಿರುಚಿತ್ರ 2002ರಲ್ಲಿ ಹೊರಬಂತು. ಅದರಲ್ಲಿ ಆಟಕ್ಕಿಂತ ಊರೇ ಹೆಚ್ಚು ಕಾಣುತ್ತದೆ. ಬಾವುಟ ಕಟ್ಟುವವರು, ಕೊಡೆ ಹಿಡಿದವರು, ಮಳೆಯಿಂದ ಕೆರೆಯಾದ ಮೈದಾನದಿಂದ ನೀರು ತಳ್ಳುವವರು. ಚೆಂಡು ಕೆಸರಿನಲ್ಲಿ ನಿಂತುಬಿಡುತ್ತದೆ. ಐವತ್ತು ಸಾವಿರ ಜನರೂ ಇಲ್ಲದ ಊರು ಉಸಿರು ಬಿಗಿಹಿಡಿದು ನೋಡುತ್ತದೆ.

ಅಂದಿನ ಪಂದ್ಯ ಯುಇಎಫ್‌ಎ ಕಪ್ಪಿನ ಅಂತಿಮ ಸುತ್ತಿನ ಮೊದಲ ಭಾಗ. ಬಾಸ್ತಿಯಾದವರು ಪೋರ್ಚುಗಲ್ಲಿನ ಸ್ಪೋರ್ಟಿಂಗ್, ಇಂಗ್ಲೆಂಡಿನ ನ್ಯೂಕ್ಯಾಸಲ್, ಇಟಲಿಯ ತೊರಿನೋ ತಂಡಗಳನ್ನು ಅವರವರ ಊರಿನಲ್ಲೂ ತಮ್ಮ ಊರಿನಲ್ಲೂ ಸೋಲಿಸಿದ್ದರು. ಪೂರ್ವ ಜರ್ಮನಿಯ ಯೇನಾ ತಂಡಕ್ಕೆ ಏಳು ಗೋಲು ಹೊಡೆದಿದ್ದರು. ತಂಡದ ಜೀವಾಳ ಕ್ಲೋದ್ ಪಪಿ, ದ್ವೀಪದಲ್ಲೇ ಹುಟ್ಟಿದವನು. ಜೊತೆಗೆ ಹಾಲೆಂಡಿನ ಹೆಸರಾಂತ ಆಟಗಾರ ಜಾನಿ ರೆಪ್. ಮಳೆಯಲ್ಲಿ ಆ ಪಂದ್ಯ ಗೋಲಿಲ್ಲದೆ ಮುಗಿಯಿತು. ಎರಡು ವಾರ ಕಳೆದು ಐಂಡ್‌ಹೋವನ್‌ನಲ್ಲಿ ಪಿ.ಎಸ್.ವಿ. ತಂಡ ಮೂರು ಗೋಲಿನಿಂದ ಗೆದ್ದಿತು. ಕಪ್ಪು ಬರಲಿಲ್ಲ, ಹೆಸರು ಉಳಿಯಿತು. 1981ರಲ್ಲಿ ಪ್ಲಾತಿನಿ ಆಡುತ್ತಿದ್ದ ಸಾಂತ್-ಎತಿಯೆನ್ ತಂಡವನ್ನು 2-1ರಿಂದ ಸೋಲಿಸಿ ಬಾಸ್ತಿಯಾ ಫ್ರಾನ್ಸಿನ ಕಪ್ಪನ್ನು ಗೆದ್ದಿತು. ಎರಡು ವರ್ಷದೊಳಗೆ, ಮೂವತ್ತಮೂರರ ಪ್ರಾಯದಲ್ಲಿ, ಪಪಿ ತೀರಿಕೊಂಡ.

ಒಂದು ಆಟದ ತಂಡಕ್ಕೆ ಊರಿನವರು ಇಷ್ಟೊಂದು ಭಾರ ಹೊರಿಸುವುದೇಕೆ ಎಂದು ಕೇಳಬಹುದು. ಅದಕ್ಕೆ ಸ್ವಲ್ಪ ಚರಿತ್ರೆ ಬೇಕು. ಹದಿನೆಂಟನೆಯ ಶತಮಾನದಲ್ಲಿ ಕಾರ್ಸಿಕಾದವರು ಜಿನೋವಾದ ಆಳ್ವಿಕೆಯನ್ನು ಎದುರಿಸಿ ಪಾಸ್ಕ್ವಾಲೆ ಪಾವೋಲಿಯ ನಾಯಕತ್ವದಲ್ಲಿ ಸ್ವತಂತ್ರ ಗಣರಾಜ್ಯವನ್ನು ಕಟ್ಟಿಕೊಂಡಿದ್ದರು. ಜಾನ್ಸನ್ನನ ಜೀವನಚರಿತ್ರೆಕಾರ ಬಾಸ್‌ವೆಲ್ ಅಲ್ಲಿಗೆ ಹೋಗಿಬಂದು ಪುಸ್ತಕ ಬರೆದ. ರೂಸೋ ಆ ದ್ವೀಪಕ್ಕೊಂದು ಸಂವಿಧಾನ ಬರೆಯಲು ಕೈಹಾಕಿದ. ಆದರೆ 1768ರಲ್ಲಿ ಜಿನೋವಾ ದ್ವೀಪವನ್ನು ಫ್ರಾನ್ಸಿಗೆ ಒಪ್ಪಿಸಿತು. ಮರುವರ್ಷ ಫ್ರೆಂಚರ ಸೈನ್ಯ ಪಾವೋಲಿಯನ್ನು ಸೋಲಿಸಿತು. ನೆಪೋಲಿಯನ್ ಹುಟ್ಟಿದ್ದು ಅದೇ ವರ್ಷ, ಅದೇ ದ್ವೀಪದಲ್ಲಿ. ಪಾವೋಲಿಯ ಲಾಂಛನ ಮೂರನೊಬ್ಬನ ತಲೆ, ಹಣೆಗೆ ಕಟ್ಟಿದ ಬಿಳಿಯ ಪಟ್ಟಿ. ಇಂದು ಆ ತಲೆ ದ್ವೀಪದ ಧ್ವಜದಲ್ಲಿದೆ, ಬಾಸ್ತಿಯಾ ತಂಡದ ಚಿಹ್ನೆಯಲ್ಲೂ ಇದೆ. ರಾಜ್ಯ ಹೋದವರಿಗೆ ತಂಡವೊಂದು ಉಳಿದಿದ್ದರೆ ಅದನ್ನು ಬರಿಯ ಆಟವೆಂದು ಅವರು ಎಣಿಸಲಾರರು. 2002ರಲ್ಲಿ ಫ್ರಾನ್ಸಿನ ಕಪ್ಪಿನ ಅಂತಿಮ ಪಂದ್ಯಕ್ಕೆ ಮೊದಲು ಬಾಸ್ತಿಯಾದ ಅಭಿಮಾನಿಗಳು ಕೆಲವರು ರಾಷ್ಟ್ರಗೀತೆಗೆ ಸಿಳ್ಳೆ ಹಾಕಿದಾಗ ರಾಷ್ಟ್ರಾಧ್ಯಕ್ಷ ಶಿರಾಕ್ ಎದ್ದು ಹೊರನಡೆದದ್ದೂ ಈ ಚರಿತ್ರೆಯ ಒಂದು ತುಣುಕೇ.

ಈ ನಂಟನ್ನು ಬಿಗಿದ ಇನ್ನೊಂದು ಗಂಟು ದುಃಖದ್ದು. 1992ರ ಮೇ 5. ಬಾಸ್ತಿಯಾ ಆಗ ಎರಡನೆಯ ದರ್ಜೆಯ ತಂಡ. ಆದರೂ ಫ್ರಾನ್ಸಿನ ಕಪ್ಪಿನಲ್ಲಿ ಸೆಮಿಫೈನಲ್ ತಲುಪಿತ್ತು. ಎದುರಾಳಿ ದೇಶದಲ್ಲೇ ಬಲಿಷ್ಠವಾದ ಮಾರ್ಸೇಯ್. ಟಿಕೆಟಿಗೆ ನೂಕುನುಗ್ಗಲು. ಫ್ಯುರಿಯಾನಿ ಗ್ರಾಮದಲ್ಲಿರುವ ಆ ಮೈದಾನದ ಉತ್ತರಕ್ಕಿದ್ದ ಹಳೆಯ ಗ್ಯಾಲರಿಯನ್ನು ಕೆಡವಿ, ಕೆಲವೇ ದಿನಗಳಲ್ಲಿ ಸುಮಾರು ಹತ್ತು ಸಾವಿರ ಜನ ಕೂರುವಂತೆ ಲೋಹದ ಕೊಳವೆಗಳ ತಾತ್ಕಾಲಿಕ ಗ್ಯಾಲರಿ ಎಬ್ಬಿಸಿದರು. ಆ ಸಂಜೆ, ಕಾಲು ಬಡಿಯಬೇಡಿರೆಂದು ಧ್ವನಿವರ್ಧಕದಲ್ಲಿ ಜನರನ್ನು ಕೇಳಿಕೊಳ್ಳಬೇಕಾಯಿತು. ಆಟ ಆರಂಭವಾಗುವ ಮೊದಲೇ ಗ್ಯಾಲರಿಯ ಮೇಲ್ಭಾಗ ಕುಸಿಯಿತು. ಹದಿನೆಂಟು ಮಂದಿ ಸತ್ತರು, 2,300ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಷ್ಟು ಚಿಕ್ಕ ಸೀಮೆಯಲ್ಲಿ ಇದರ ಅರ್ಥವೇನೆಂದು ಯೋಚಿಸಿ: ಗಾಯಗೊಂಡವರ ಪರಿಚಯವಿಲ್ಲದ ಮನೆ ಅಲ್ಲಿ ಎಷ್ಟಿದ್ದೀತು? ಆ ವರ್ಷ ಕಪ್ಪನ್ನು ಯಾರಿಗೂ ಕೊಡಲಿಲ್ಲ.

ಈಗ ಸಾವಿನ ವಿಷಯಕ್ಕೆ ಬರೋಣ. ಮುಂದಿನ ಕಾಲು ಶತಮಾನದಲ್ಲಿ ತಂಡ ಏರಿತು, ಇಳಿಯಿತು. 2010ರಲ್ಲಿ ಮೂರನೆಯ ದರ್ಜೆಗೆ ಜಾರಿದ್ದು 2012ರಲ್ಲಿ ಮೊದಲನೆಯದಕ್ಕೆ ಮರಳಿತು. 2017ರ ಏಪ್ರಿಲ್‌ನಲ್ಲಿ ತಂಡ ಸೋಲಿನ ಮೇಲೆ ಸೋಲು ಕಾಣುತ್ತಿದ್ದಾಗ ಕೆಲವು ಪ್ರೇಕ್ಷಕರು ಮೈದಾನಕ್ಕೆ ನುಗ್ಗಿ ಲಿಯೋನ್ ಆಟಗಾರರ ಮೇಲೆ ಕೈಮಾಡಿದರು, ಪಂದ್ಯ ನಿಂತೇಹೋಯಿತು. ಅಭಿಮಾನವೆಂಬುದಕ್ಕೆ ಈ ಮುಖವೂ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಋತುವಿನ ಕೊನೆಗೆ ಬಾಸ್ತಿಯಾ ಕೊನೆಯ ಸ್ಥಾನದಲ್ಲಿತ್ತು. ಆಟದ ಲೆಕ್ಕದಲ್ಲಿ ಅದು ಎರಡನೆಯ ದರ್ಜೆಗೆ ಇಳಿಯಬೇಕಾಗಿತ್ತು, ಅಷ್ಟೆ. ಆದರೆ ಫ್ರಾನ್ಸಿನಲ್ಲಿ ಇನ್ನೊಂದು ಲೆಕ್ಕವೂ ಉಂಟು. ವೃತ್ತಿಪರ ತಂಡಗಳೆಲ್ಲ ಪ್ರತಿವರ್ಷ ತಮ್ಮ ಜಮಾಖರ್ಚನ್ನು ಒಂದು ಹಣಕಾಸು ತನಿಖಾ ಮಂಡಲಿಯ ಮುಂದೆ ಇಡಬೇಕು. ಮುಂದಿನ ಋತುವನ್ನು ಸಾಗಿಸುವಷ್ಟು ಹಣವಿದೆಯೆಂದು ಮನಗಾಣಿಸದಿದ್ದರೆ ಮಂಡಲಿ ತಂಡವನ್ನು ಕೆಳಕ್ಕೆ ತಳ್ಳಬಲ್ಲದು. ಬಾಸ್ತಿಯಾದ ಸಾಲ ಮುಚ್ಚುವಂತಿರಲಿಲ್ಲ. ಎರಡನೆಯ ದರ್ಜೆ ತಪ್ಪಿತು, ಮೂರನೆಯದೂ ತಪ್ಪಿತು. ತಂಡವನ್ನು ನಡೆಸುತ್ತಿದ್ದ ಕಂಪನಿ ದಿವಾಳಿಯಾಗಿ ಮುಚ್ಚಿತು. ಒಂದು ಬೇಸಗೆಯಲ್ಲಿ ಮೊದಲನೆಯ ದರ್ಜೆಯಿಂದ ಐದನೆಯ ದರ್ಜೆಗೆ!

ಹಾಗಾದರೆ ಐದನೆಯ ದರ್ಜೆಯಲ್ಲಿ ಅದೇ ಹೆಸರು, ಅದೇ ನೀಲಿ ಅಂಗಿ, ಅದೇ ಚಿಹ್ನೆ ಹೊತ್ತು ಆಡಿದ್ದು ಯಾವುದು? ಇಲ್ಲಿದೆ ಸ್ವಾರಸ್ಯ. ಫ್ರಾನ್ಸಿನ ಪದ್ಧತಿಯಲ್ಲಿ ವೃತ್ತಿಪರ ತಂಡಕ್ಕೆ ಎರಡು ದೇಹಗಳಿರುತ್ತವೆ. ಒಂದು ವ್ಯಾಪಾರದ ಕಂಪನಿ. ಸಂಬಳ, ಸಾಲ, ಆಟಗಾರರ ಕ್ರಯ ವಿಕ್ರಯ ಇವೆಲ್ಲ ಅದರವು. ಇನ್ನೊಂದು 1901ರ ಕಾನೂನಿನಂತೆ ನೋಂದಾಯಿತವಾದ, ಲಾಭದ ಉದ್ದೇಶವಿಲ್ಲದ ಸಂಘ; ಊರಿನ ಹುಡುಗರಿಗೆ ಆಟ ಕಲಿಸುವುದು ಅದರ ಕೆಲಸ. ಕಾಲ್ಚೆಂಡು ಮಹಾಮಂಡಲದಲ್ಲಿ ತಂಡವೆಂದು ಗುರುತು ಕೊಡುವ ನೋಂದಣಿ ಸಂಖ್ಯೆ ಇರುವುದು ಸಂಘದ ಹೆಸರಿನಲ್ಲಿ, ಕಂಪನಿಯ ಹೆಸರಿನಲ್ಲಲ್ಲ. ಕಂಪನಿ ಅದನ್ನು ಬಳಸಿಕೊಳ್ಳುತ್ತದೆ, ಅಷ್ಟೆ. ಆದ್ದರಿಂದ ಕಂಪನಿ ಸತ್ತರೂ ಸಂಘ ಜೀವಂತವಾಗಿದ್ದರೆ ತಂಡ ಬದುಕಿದೆಯೆಂದೇ ಲೆಕ್ಕ. 1905ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಾಪಕನೊಬ್ಬ ಬಾಸ್ತಿಯಾದಲ್ಲಿ ಹುಡುಗರನ್ನು ಕೂಡಿಸಿ ಆರಂಭಿಸಿದ ತಂಡದ ಎಳೆ ಹೀಗೆ ಕಡಿಯದೆ ಉಳಿಯಿತು. ಸ್ಥಳೀಯ ಉದ್ಯಮಿಗಳು ಕೆಲವರು ಮುಂದೆ ಬಂದು ಹೊಣೆ ಹೊತ್ತರು.

ಐದನೆಯ ದರ್ಜೆ ಎಂದರೆ ದಕ್ಷಿಣ ಫ್ರಾನ್ಸಿನ ಸಣ್ಣ ಊರುಗಳ, ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರ ಎದುರು ಆಡುವುದು. ಮೊದಲ ವರ್ಷ ಬಡ್ತಿ ಸಿಗಲಿಲ್ಲ. 2019ರಲ್ಲಿ ನಾಲ್ಕನೆಯ ದರ್ಜೆಗೆ, 2020ರಲ್ಲಿ ಮೂರನೆಯದಕ್ಕೆ ಏರಿ, 2021ರಲ್ಲಿ ಅಲ್ಲಿಯೂ ಮೊದಲ ಸ್ಥಾನ ಪಡೆದು, ನಾಲ್ಕು ವರ್ಷದ ಮೇಲೆ ತಂಡ ಎರಡನೆಯ ದರ್ಜೆಯ ವೃತ್ತಿಪರ ಲೀಗಿಗೆ ಬಂದು ಸೇರಿತು.

ಆದರೆ ನನ್ನ ಮಟ್ಟಿಗೆ ಈ ಏರಿಕೆಗಿಂತ ದೊಡ್ಡ ಸಂಗತಿ 2019ರಲ್ಲಿ ನಡೆಯಿತು. ಆ ವರ್ಷ ತಂಡವನ್ನು ನಡೆಸುವ ಹೊಸ ಸಂಸ್ಥೆಯನ್ನು ಸಾಮಾನ್ಯ ಕಂಪನಿಯಾಗಿಡದೆ ಸಹಕಾರಿ ಸಂಸ್ಥೆಯನ್ನಾಗಿ ಮಾಡಿದರು. ಹಾಲಿನ ಸಂಘ, ಪತ್ತಿನ ಸಂಘಗಳನ್ನು ಕಂಡ ನಮಗೆ ಸಹಕಾರವೆಂದರೆ ವಿವರಿಸಬೇಕಾಗಿಲ್ಲ. ಆದರೆ ಕಾಲ್ಚೆಂಡಿನ ಪೇಟೆಯಲ್ಲಿ ಇದು ಅಪೂರ್ವ. 2001ರ ಕಾನೂನೊಂದರ ಪ್ರಕಾರ ಫ್ರಾನ್ಸಿನಲ್ಲಿ ಸಾರ್ವಜನಿಕ ಹಿತದ ಸಹಕಾರಿ ಸಂಸ್ಥೆಗಳನ್ನು ಕಟ್ಟಬಹುದು. ಇವುಗಳಲ್ಲಿ ಸಂಸ್ಥೆಯ ನೌಕರರು, ಅದರ ಪ್ರಯೋಜನ ಪಡೆಯುವವರು, ಉದ್ಯಮಿಗಳು, ಊರಿನ ಪೌರಸಭೆ ಎಲ್ಲರೂ ಒಂದೇ ಚಾವಡಿಯಲ್ಲಿ ಸದಸ್ಯರಾಗಿ ಕೂರಬಹುದು. ಎಷ್ಟೇ ಷೇರು ಕೊಂಡರೂ ಒಬ್ಬ ಸದಸ್ಯನಿಗೆ ಒಂದೇ ಮತ. ಸದಸ್ಯರನ್ನು ವರ್ಗಗಳಾಗಿ ವಿಂಗಡಿಸಿದಲ್ಲಿ ಯಾವ ವರ್ಗಕ್ಕೂ ಅರ್ಧಕ್ಕಿಂತ ಹೆಚ್ಚು ಮತಬಲ ಇರಕೂಡದು. ಲಾಭ ಬಂದರೆ ಅದರ ಹೆಚ್ಚು ಭಾಗ ಮೀಸಲು ನಿಧಿಗೆ ಹೋಗಬೇಕು. ಆ ನಿಧಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅಂದರೆ ತಂಡವನ್ನು ಬೆಳೆಸಿ, ಬೆಲೆ ಏರಿದಾಗ ಮಾರಿ, ದುಡ್ಡು ಜೇಬಿಗಿಳಿಸಿ ಹೊರಡುವ ಬಾಗಿಲು ಮುಚ್ಚಿತು. ಫ್ರಾನ್ಸಿನ ವೃತ್ತಿಪರ ಕಾಲ್ಚೆಂಡಿನಲ್ಲಿ ಈ ದಾರಿ ಹಿಡಿದವರಲ್ಲಿ ಬಾಸ್ತಿಯಾವೇ ಮೊದಲನೆಯದು. ಗ್ಯಾಲರಿಯಲ್ಲಿ ನಿಂತು ಕೂಗುವವನು ಈಗ ಪಾಲುದಾರನೂ ಆಗಬಹುದಾಯಿತು.

ಇದರ ಬೆಲೆ ತಿಳಿಯಬೇಕಾದರೆ ಪಕ್ಕದ ಉದಾಹರಣೆಯೊಂದನ್ನು ನೋಡಬೇಕು. ಆಲ್ಸೇಸ್ ಪ್ರಾಂತದ ಸ್ತ್ರಾಸ್‌ಬೂರ್ ತಂಡವೂ 2011ರಲ್ಲಿ ದಿವಾಳಿಯಾಗಿ ಐದನೆಯ ದರ್ಜೆಗೆ ಬಿದ್ದಿತ್ತು. ಆ ಸೀಮೆಯ ಹಳೆಯ ಆಟಗಾರ ಮಾರ್ಕ್ ಕೆಲರ್ ಮತ್ತು ಅವನ ಜೊತೆಗಾರರು ಅದನ್ನು ಹಂತಹಂತವಾಗಿ ಮೇಲೆತ್ತಿ 2017ರಲ್ಲಿ ಮೊದಲನೆಯ ದರ್ಜೆಗೆ ತಂದರು. ಎಂಥ ಸುಂದರ ಕಥೆ! ಆದರೆ 2023ರಲ್ಲಿ ಲಂಡನ್ನಿನ ಚೆಲ್ಸಿ ತಂಡದ ಒಡೆಯರ ಕೂಟ ಅದನ್ನು ಕೊಂಡುಕೊಂಡಿತು. ಹಣ ಬಂತು, ಯುವ ಆಟಗಾರರು ಬಂದರು. ಕಷ್ಟಕಾಲದಲ್ಲಿ ಗ್ಯಾಲರಿ ತುಂಬಿದ್ದ ಅಭಿಮಾನಿಗಳು ಪ್ರತಿಭಟನೆಗೆ ಇಳಿದರು. ತಂಡವನ್ನು ಬದುಕಿಸಿದವರ ಕೈಯಲ್ಲಿ ಅದನ್ನು ಉಳಿಸಿಕೊಳ್ಳುವ ಹಕ್ಕು ಇರಲಿಲ್ಲ.

ಸಹಕಾರ ತತ್ತ್ವ ಗೋಲು ಹೊಡೆಯುವುದಿಲ್ಲವೆಂಬುದೂ ನಿಜವೇ. ಎರಡನೆಯ ದರ್ಜೆ ಎಂಬುದೊಂದು ಇಕ್ಕಟ್ಟಿನ ಜಾಗ. ಖರ್ಚು ವೃತ್ತಿಪರರದು, ಆದಾಯ ಮೇಲಿನವರಿಗಿಂತ ಬಹಳ ಕಡಿಮೆ. ದೂರದರ್ಶನದ ಹಕ್ಕಿನ ಹಣವನ್ನು ನೆಚ್ಚಿಯೇ ಬಾಳಬೇಕು. ಆ ಹಣ ನೀಡುವುದಾಗಿ ಮಾತುಕೊಟ್ಟ ಕಂಪನಿ 2020ರಲ್ಲಿ ಕೈಯೆತ್ತಿದಾಗ ಫ್ರಾನ್ಸಿನ ತಂಡಗಳೆಲ್ಲ ತತ್ತರಿಸಿದವು. ಇಂಥಲ್ಲಿ ಬಾಸ್ತಿಯಾ 2023ರಲ್ಲಿ ನಾಲ್ಕನೆಯ ಸ್ಥಾನದವರೆಗೆ ಏರಿದ್ದು ಸಣ್ಣ ಮಾತಲ್ಲ. ಅದೇ ದ್ವೀಪದ ಇನ್ನೊಂದು ಊರಾದ ಅಜಾಕ್ಸಿಯೋದ ತಂಡ 2025ರಲ್ಲಿ ಹಣದ ಮುಗ್ಗಟ್ಟಿನಿಂದ ವೃತ್ತಿಪರ ಲೀಗಿನಿಂದಲೇ ಹೊರಬಿತ್ತು. ಒಡೆತನದ ರೀತಿ ಬದಲಾದ ಮಾತ್ರಕ್ಕೆ ಬಡತನ ಬದಲಾಗುವುದಿಲ್ಲ. ಸೋತರೆ ಯಾರನ್ನು ಕೇಳಬೇಕು, ಮುಂದಿನ ದಾರಿಯನ್ನು ಯಾರು ತೀರ್ಮಾನಿಸಬೇಕು ಎಂಬುದು ಮಾತ್ರ ಬದಲಾಗುತ್ತದೆ. ಅದೇ ಸಾಕಷ್ಟು ದೊಡ್ಡದೆಂದು ನಾನು ತಿಳಿದಿದ್ದೇನೆ.

ತಂಡ ಎರಡನೆಯ ದರ್ಜೆಗೆ ಮರಳಿದ 2021ರಲ್ಲಿಯೇ ಇನ್ನೊಂದು ಕೆಲಸವೂ ಕೈಗೂಡಿತು. ಫ್ಯುರಿಯಾನಿಯಲ್ಲಿ ಸತ್ತವರ ಮನೆಯವರು ಬಹುವರ್ಷಗಳಿಂದ ಒಂದೇ ಒಂದು ಬೇಡಿಕೆಯನ್ನು ಹಿಡಿದು ಅಲೆದಿದ್ದರು: ಮೇ 5ರಂದು ಚೆಂಡು ಉರುಳಬಾರದು. ಆಟದ ಆಡಳಿತಗಾರರು ವೇಳಾಪಟ್ಟಿಯ ತೊಡಕನ್ನು ಹೇಳುತ್ತ ಬಂದಿದ್ದರು. ಕೊನೆಗೆ ಕಾರ್ಸಿಕಾದ ಲೋಕಸಭಾ ಸದಸ್ಯ ಮಿಷೆಲ್ ಕಾಸ್ತೆಲಾನಿ ಮಂಡಿಸಿದ ಮಸೂದೆಯನ್ನು ಫ್ರಾನ್ಸಿನ ಸಂಸತ್ತು ಅಂಗೀಕರಿಸಿತು. ಆ ಅಕ್ಟೋಬರಿನಲ್ಲಿ ಅದು ಕಾನೂನಾಯಿತು. ಅದರಂತೆ ಮೊದಲ ಎರಡು ದರ್ಜೆಗಳ ಪಂದ್ಯವಾಗಲಿ ಫ್ರಾನ್ಸಿನ ಕಪ್ಪಿನ ಪಂದ್ಯವಾಗಲಿ ಆ ದಿನ ನಡೆಯಕೂಡದು. ಹವ್ಯಾಸಿಗಳ ಪಂದ್ಯಗಳಿಗೆ ತಡೆಯಿಲ್ಲ. ಆದರೆ ಅಲ್ಲಿ ಆಟಗಾರರೂ ರೆಫರಿಗಳೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಒಂದು ನಿಮಿಷ ಮೌನವಾಗಿ ನಿಲ್ಲಬೇಕು.