ಟ್ಯಾಂಕಿನ ಹಿಂದಿನ ಧ್ರುವ

ರಾತ್ರಿಯ ಆಕಾಶದಲ್ಲಿ ನಕ್ಷತ್ರಗಳೆಲ್ಲ ಒಂದು ಬಿಂದುವನ್ನು ನಡುವೆ ಇಟ್ಟುಕೊಂಡು ಸುತ್ತುವಂತೆ ಕಾಣುತ್ತವೆ. ಅದು ಉತ್ತರ ಖಗೋಳ ಧ್ರುವ. ಭೂಮಿಯ ಅಕ್ಷವನ್ನು ಉತ್ತರಕ್ಕೆ ಚಾಚುತ್ತ ಹೋದರೆ ಆಕಾಶದಲ್ಲಿ ಅದು ತೋರಿಸುವ ಜಾಗ. ದೂರದರ್ಶಕವನ್ನು ಹೊರುವ ಈಕ್ವಟೋರಿಯಲ್ ಮೌಂಟಿಗೂ ಅಂಥದೇ ಒಂದು ಅಕ್ಷವಿದೆ. ಆ ಅಕ್ಷ ಧ್ರುವಕ್ಕೆ ಸರಿಯಾಗಿ ಮುಖ ಮಾಡಿದ್ದರೆ ಗಂಟೆಗೆ ಸುಮಾರು 15 ಡಿಗ್ರಿಯಂತೆ ತಿರುಗುವ ಒಂದೇ ಮೋಟಾರು ಇಡೀ ರಾತ್ರಿ ನಕ್ಷತ್ರವನ್ನು ಹಿಂಬಾಲಿಸುತ್ತದೆ. ವಾರೆಯಾಗಿದ್ದರೆ ನಕ್ಷತ್ರ ಮೆಲ್ಲಗೆ ಜಾರುತ್ತದೆ, ಫೋಟೊದಲ್ಲಿ ಚುಕ್ಕೆಯ ಬದಲು ಗೀರು ಮೂಡುತ್ತದೆ.

ಧ್ರುವ ನಕ್ಷತ್ರವನ್ನು ಗುರಿಯಾಗಿಟ್ಟು ಅಕ್ಷ ಹೊಂದಿಸುವುದು ಎಲ್ಲರೂ ಹಿಡಿಯುವ ದಾರಿ. ಆ ನಕ್ಷತ್ರವೂ ನಿಜವಾದ ಧ್ರುವದಲ್ಲಿಲ್ಲ. ಹುಣ್ಣಿಮೆ ಚಂದ್ರನ ಅಗಲಕ್ಕಿಂತ ತುಸು ಹೆಚ್ಚು ದೂರದಲ್ಲಿದೆ. ಧ್ರುವ ದಿಗಂತದಿಂದ ಎಷ್ಟು ಮೇಲೆ ನಿಲ್ಲುತ್ತದೆ ಎಂಬುದು ಊರಿನ ಅಕ್ಷಾಂಶದ ಲೆಕ್ಕ. ಲಡಾಖಿನ ಹಾನ್ಲೆಯಲ್ಲಿ ಅದು ಸುಮಾರು 33 ಡಿಗ್ರಿ ಎತ್ತರದಲ್ಲಿದ್ದರೆ ಬೆಂಗಳೂರಿನ ಸಂಜಯನಗರದಲ್ಲಿ ಬರೀ 13. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಧ್ರುವ ಇರುವುದು ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪವೇ ಮೇಲೆ.

ಮೂವತ್ತು–ನಲವತ್ತರ ಸೈಟುಗಳ ಬಡಾವಣೆಯಲ್ಲಿ ಇದರ ಪರಿಣಾಮ ಹೀಗೆ: ಮೂವತ್ತಡಿ ರಸ್ತೆಯ ಆಚೆಬದಿಯ ಮನೆ, ತಾರಸಿಯ ಮೇಲಿಟ್ಟ ದೂರದರ್ಶಕಕ್ಕಿಂತ ಏಳಡಿ ಎತ್ತರವಿದ್ದರೆ ಸಾಕು, ಧ್ರುವ ಮರೆ. ಅದಕ್ಕೆ ಇನ್ನೊಂದು ಮಹಡಿಯೇ ಬೇಕೆಂದಿಲ್ಲ. ಕಟ್ಟೆಯ ಮೇಲೆ ಕೂರಿಸಿದ ನೀರಿನ ಟ್ಯಾಂಕೂ ಅಡ್ಡ ಬರುತ್ತದೆ. ಅಪಾರ್ಟ್‌ಮೆಂಟಿನ ದಕ್ಷಿಣದ ಬಾಲ್ಕನಿಯವರಿಗಂತೂ ಪ್ರಶ್ನೆಯೇ ಇಲ್ಲ. ಎದುರು ಬಯಲಿದ್ದರೂ 13 ಡಿಗ್ರಿ ಎತ್ತರದ ನಕ್ಷತ್ರದ ಬೆಳಕು ನೆತ್ತಿಯ ನಕ್ಷತ್ರಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಳಿಯನ್ನು ಸೀಳಿಕೊಂಡು ಬರಬೇಕು. ಯಲಹಂಕದ ಕಡೆಯ ಧೂಳು, ಬೀದಿದೀಪಗಳ ಮಬ್ಬಿನಲ್ಲಿ ಮೊದಲೇ ಸಾಧಾರಣ ಹೊಳಪಿನ ಧ್ರುವ ನಕ್ಷತ್ರ ಕರಗಿಹೋಗುತ್ತದೆ.

ಕಡಿಮೆ ಅಕ್ಷಾಂಶದ ತೊಡಕು ಕಣ್ಣಿಗಷ್ಟೇ ಅಲ್ಲ, ಕಬ್ಬಿಣಕ್ಕೂ ಇದೆ. ಹೆಚ್ಚು ಅಕ್ಷಾಂಶದ ದೇಶಗಳವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೆಲವು ಮೌಂಟುಗಳು 15 ಡಿಗ್ರಿಗಿಂತ ಕೆಳಕ್ಕೆ ಬಾಗುವುದೇ ಇಲ್ಲ. ಬಾಗಿದರೂ ಸಮತೂಕದ ಭಾರ ಹೊತ್ತ ಸರಳು ಟ್ರೈಪಾಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಒಂದು ಕಾಲಿನ ಬದಲು ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ನಿಲ್ಲಿಸಿದರೆ ಸರಳಿಗೆ ಜಾಗ ಸಿಗುತ್ತದೆ. ಭಾರತೀಯ ಖಭೌತ ಸಂಸ್ಥೆಯ ಕಾವಲೂರು ವೀಕ್ಷಣಾಲಯ, ತಮಿಳುನಾಡಿನಲ್ಲಿ, ಸುಮಾರು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿದೆ. 1986ರಲ್ಲಿ ವೇಣು ಬಾಪು ಅವರ ಹೆಸರು ಪಡೆದ ಅಲ್ಲಿನ 2.3 ಮೀಟರ್ ದೂರದರ್ಶಕದ ಅಕ್ಷವೂ ಹೀಗೆ ಹೆಚ್ಚುಕಡಿಮೆ ಮಲಗಿಕೊಂಡೇ ಇದೆ. ಅದನ್ನು ಹೊರಲು, ಧ್ರುವದ ಕಡೆಯ ಆಕಾಶಕ್ಕೂ ದಾರಿ ಬಿಡಲು ಕುದುರೆಲಾಳದ ಆಕಾರದ ಚೌಕಟ್ಟನ್ನು ಆರಿಸಿಕೊಂಡರು.

ಧ್ರುವ ಕಾಣದವರು ಮೊದಲು ಒರಟಾಗಿ ಉತ್ತರ ಹುಡುಕಬೇಕು. ಮೊಬೈಲಿನ ದಿಕ್ಸೂಚಿಯನ್ನು ತಾರಸಿಯಲ್ಲಿ ನಂಬುವುದು ಕಷ್ಟ: ಮೋಲ್ಡಿನೊಳಗೆ ಕಂಬಿ, ಪಕ್ಕದಲ್ಲಿ ಗ್ರಿಲ್ಲು, ಮೌಂಟಿನದೇ ಉಕ್ಕು. ಸೂರ್ಯ ಹೆಚ್ಚು ನಂಬಿಕಸ್ಥ. ಗಾರೆ ಕೆಲಸದವರ ತೂಗುಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಸೂರ್ಯ ನಡುನೆತ್ತಿಯ ರೇಖೆ ದಾಟುವ ಕ್ಷಣಕ್ಕೆ ದಾರದ ನೆರಳಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದರೆ ಅದೇ ಉತ್ತರ–ದಕ್ಷಿಣ. ಆ ಕ್ಷಣ ಗಡಿಯಾರದ ಹನ್ನೆರಡಲ್ಲ. ಬೆಂಗಳೂರು ಭಾರತೀಯ ಕಾಲಮಾನದ ರೇಖೆಗಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಇಲ್ಲಿ ಮಧ್ಯಾಹ್ನ ತಡ, ಎಷ್ಟು ತಡ ಎಂಬುದು ವರ್ಷದುದ್ದಕ್ಕೂ ಬದಲಾಗುತ್ತದೆ. ನಿಜವಾದ ಮಧ್ಯಾಹ್ನ ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 3 ನಿಮಿಷಕ್ಕೆ ಆದರೆ ಫೆಬ್ರವರಿ ಎರಡನೇ ವಾರದಲ್ಲಿ 12 ಗಂಟೆ 34 ನಿಮಿಷದವರೆಗೂ ತಡವಾಗುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನೇರ ನೆತ್ತಿಗೇ ಬಂದು ನೆರಳೇ ಇಲ್ಲವಾಗುವುದರಿಂದ ಈ ಉಪಾಯ ಕೈಕೊಡುತ್ತದೆ. ಆಗ ಹಳೆಯ ಶಂಕುವಿನ ಪದ್ಧತಿಯೇ ವಾಸಿ: ನಟ್ಟ ಕೋಲಿನ ಸುತ್ತ ವೃತ್ತ ಬರೆದು, ಬೆಳಿಗ್ಗೆಯೂ ಮಧ್ಯಾಹ್ನದ ಮೇಲೂ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಎರಡು ಕಡೆ ಗುರುತು ಮಾಡಿ ಕೂಡಿಸಿದರೆ ಪೂರ್ವ–ಪಶ್ಚಿಮ ರೇಖೆ. ಶುಲ್ಬಸೂತ್ರದ ಕಾತ್ಯಾಯನನೂ ಸೂರ್ಯಸಿದ್ಧಾಂತವೂ ಹೇಳುವ ಈ ವಿಧಾನಕ್ಕೆ ಗಡಿಯಾರವೇ ಬೇಡ.

ಗೆರೆಗೆ ಸರಿಯಾಗಿ ಟ್ರೈಪಾಡು ನಿಲ್ಲಿಸಿ, ರಸಮಟ್ಟ ನೋಡಿ, ಅಕ್ಷವನ್ನು 13 ಡಿಗ್ರಿಗೆ ಎತ್ತಿದರೆ ಗ್ರಹ, ಚಂದ್ರರನ್ನು ಕಣ್ಣಿನಿಂದ ನೋಡುವವರ ಕೆಲಸ ಮುಗಿಯಿತು. ಫೋಟೊ ತೆಗೆಯುವವರ ಕೆಲಸ ಶುರುವಾಗುವುದು ಇಲ್ಲಿಂದ.

ಮುಂದಿನ ವಿಧಾನಕ್ಕೆ ಜರ್ಮನಿಯ ಖಗೋಳ ವಿಜ್ಞಾನಿ ಜೂಲಿಯಸ್ ಶೈನರ್ (1858–1913) ಅವರ ಹೆಸರಿದೆ. ಜರ್ಮನ್ ಹವ್ಯಾಸಿಗಳು ಅದನ್ನೇ ಕ್ರಿಯಾಪದ ಮಾಡಿಕೊಂಡು ‘ಶೈನರ್ನ್’ ಎನ್ನುತ್ತಾರೆ. ಅದರ ತಿರುಳು ಸರಳ. ಅಕ್ಷ ತಪ್ಪಿದ್ದರೆ ನಕ್ಷತ್ರ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತದೆ; ಸರಿಯುವ ದಿಕ್ಕೇ ತಪ್ಪು ಯಾವ ಕಡೆಗಿದೆ ಎಂದು ಹೇಳಿಬಿಡುತ್ತದೆ. ಆದ್ದರಿಂದ ನೋಡಬೇಕಾದ್ದು ಧ್ರುವವನ್ನಲ್ಲ, ಅದರಿಂದ ಆದಷ್ಟು ದೂರದ ನಕ್ಷತ್ರವನ್ನು. ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮೊದಲು ಹುಟ್ಟುವ ಮಿಂಟಾಕಾ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಬಹುತೇಕ ಖಗೋಳ ಸಮಭಾಜಕದ ಮೇಲೇ ಇದೆ.

ಫೆಬ್ರವರಿ ನಡುವಿನಲ್ಲಿ ರಾತ್ರಿ ಎಂಟರ ಆಸುಪಾಸಿಗೆ ಮಿಂಟಾಕಾ ನೆತ್ತಿಗಿಂತ 13 ಡಿಗ್ರಿ ದಕ್ಷಿಣಕ್ಕೆ, ನಡುರೇಖೆಯ ಹತ್ತಿರ ಬರುತ್ತದೆ. ಅಡ್ಡಗೆರೆಗಳಿರುವ ಐಪೀಸಿನಲ್ಲಿ ಅದನ್ನು ನಡುವೆ ತಂದು ಮೋಟಾರನ್ನು ಓಡಲು ಬಿಡಬೇಕು. ನೋಟ ತಲೆಕೆಳಗಾಗಿರುವುದರಿಂದ ದಿಕ್ಕು ಗೊಂದಲವೆನಿಸಿದರೆ ಕೊಳವೆಯನ್ನು ಒಂದಿಷ್ಟು ಉತ್ತರಕ್ಕೆ ತಳ್ಳಿ ನೋಡಬೇಕು. ನಕ್ಷತ್ರ ಓಡಿದ ಕಡೆ ದಕ್ಷಿಣ. ಪೂರ್ವ–ಪಶ್ಚಿಮದ ಓಲಾಟ ಗಿಯರಿನದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ನಕ್ಷತ್ರ ದಕ್ಷಿಣಕ್ಕೆ ಸರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಅಡ್ಡ ತಿರುಪುಗಳನ್ನು ಅದರಂತೆ ತಿರುಗಿಸಿ ಮತ್ತೆ ಕಾಯಬೇಕು. ಅಕ್ಷ ಪೂರಾ ಒಂದು ಡಿಗ್ರಿ ತಪ್ಪಿದ್ದರೆ ಮೂರು ನಿಮಿಷದಲ್ಲಿ ನಕ್ಷತ್ರ ಸರಿಯುವ ದೂರ ಗುರು ಗ್ರಹದ ಬಿಂಬದ ಅಗಲದಷ್ಟಾದೀತು, ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ. ತಪ್ಪು ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗಕ್ಕಿಳಿದಾಗ ಸರಿಯುವ ದೂರವೂ ಅರವತ್ತರಲ್ಲೊಂದಾಗುತ್ತದೆ. ಆಗ ಹತ್ತು ಹದಿನೈದು ನಿಮಿಷದ ತಾಳ್ಮೆ ಬೇಕು.

ಅಕ್ಷದ ಎತ್ತರ ಸರಿಪಡಿಸಲು ಪೂರ್ವದಲ್ಲಿ 20–25 ಡಿಗ್ರಿ ಮೇಲಿರುವ ನಕ್ಷತ್ರ ಬೇಕು. ಡಿಸೆಂಬರ್ ನಡುವಿನಲ್ಲಿ ರಾತ್ರಿ ಎಂಟಕ್ಕೆ ಅಲ್ಲಿಯೂ ಮಿಂಟಾಕಾವೇ ಸಿಗುತ್ತದೆ. ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಿದೆ, ಉತ್ತರಕ್ಕೆ ಸರಿದರೆ ಎತ್ತರವಾಗಿದೆ. ಪೂರ್ವದಲ್ಲಿ ಕಟ್ಟಡವಿದ್ದು ಪಶ್ಚಿಮದ ನಕ್ಷತ್ರ ಹಿಡಿದರೆ ಈ ನಿಯಮ ತಿರುಗುಮುರುಗು. ದಿಗಂತದ ಸಮೀಪದ ಗಾಳಿ ನಕ್ಷತ್ರವನ್ನು ಇದ್ದ ಜಾಗಕ್ಕಿಂತ ಮೇಲೆತ್ತಿ ತೋರಿಸುತ್ತದೆ. ಆದರೆ ಬೆಂಗಳೂರಿನಲ್ಲಿ ಸಮಭಾಜಕದ ನಕ್ಷತ್ರಗಳು ಹೆಚ್ಚುಕಡಿಮೆ ನೆಟ್ಟಗೆ ಮೇಲೇರುವುದರಿಂದ ಆ ದೋಷ ಉತ್ತರ–ದಕ್ಷಿಣದ ಲೆಕ್ಕಕ್ಕೆ ಅಷ್ಟಾಗಿ ಬೆರೆಯುವುದಿಲ್ಲ. ಧ್ರುವವನ್ನು ಮರೆ ಮಾಡಿದ ಅಕ್ಷಾಂಶವೇ ಇಲ್ಲಿ ನೆರವಿಗೆ ಬರುತ್ತದೆ. ಒಂದು ತಿರುಪು ಇನ್ನೊಂದನ್ನು ಒಂದಿಷ್ಟು ಕದಲಿಸುವುದರಿಂದ ಎರಡೂ ನಕ್ಷತ್ರಗಳನ್ನು ಮತ್ತೊಮ್ಮೆ ನೋಡಬೇಕು.

ಕ್ಯಾಮೆರಾ, ಲ್ಯಾಪ್‌ಟಾಪ್ ಇದ್ದವರಿಗೆ ಇಷ್ಟು ಕಾಯುವ ಕೆಲಸವಿಲ್ಲ. ‘ನೀನಾ’ದಂಥ ಉಚಿತ ತಂತ್ರಾಂಶದ ನೆರವಿನಿಂದ ಆಕಾಶ ತೆರೆದಿರುವ ಯಾವುದೇ ಕಡೆ, ಮೌಂಟನ್ನು ಧ್ರುವದತ್ತ ಮುಖ ಮಾಡುವ ಆ ಒಂದೇ ಅಕ್ಷದಲ್ಲಿ ತಿರುಗಿಸುತ್ತ ಮೂರು ಫೋಟೊ ತೆಗೆದರಾಯಿತು. ನಕ್ಷತ್ರಗಳ ವಿನ್ಯಾಸದಿಂದ ಪ್ರತಿ ಫೋಟೊದ ನಡುಬಿಂದು ಆಕಾಶದಲ್ಲಿ ಎಲ್ಲಿದೆ ಎಂದು ಅದು ಗುರುತಿಸುತ್ತದೆ. ಮೂರು ಬಿಂದುಗಳು ಒಂದು ವೃತ್ತದ ಮೇಲಿರುತ್ತವೆ. ವೃತ್ತದ ಕೇಂದ್ರವೇ ಮೌಂಟಿನ ಅಕ್ಷ ತೋರಿಸುತ್ತಿರುವ ಜಾಗ. ಅದಕ್ಕೂ ನಿಜವಾದ ಧ್ರುವಕ್ಕೂ ಎಷ್ಟು ಅಂತರ, ಯಾವ ತಿರುಪನ್ನು ಎತ್ತ ತಿರುಗಿಸಬೇಕು ಎಂಬುದು ಪರದೆಯ ಮೇಲೆ ಬರುತ್ತದೆ.

ಯಾವ ದಾರಿಯಲ್ಲಿ ಹೊಂದಿಸಿದರೂ ತಾರಸಿಯ ನೆಲದಲ್ಲಿ ಟ್ರೈಪಾಡಿನ ಮೂರು ಕಾಲು ಕೂತ ಜಾಗಕ್ಕೆ ಪೇಂಟಿನ ಚುಕ್ಕೆ ಇಡುವುದು ರೂಢಿ. ಮುಂದಿನ ಸಲ ಕಾಲುಗಳನ್ನು ಅಷ್ಟೇ ಉದ್ದಕ್ಕೆ ಎಳೆದು ಅದೇ ಚುಕ್ಕೆಗಳ ಮೇಲೆ ಊರಿದರೆ ತಿರುಪುಗಳನ್ನು ತುಸುವೇ ತಿರುಗಿಸಬೇಕಾಗುತ್ತದೆ.